ಟಾನ್ಸಿಲ್ ಆಪರೇಷನ್ ಆದ ಮಗುವಿಗೆ ‘ಗ್ಯಾಸ್ಟ್ರಿಕ್’ ಅಂದುಕೊಳ್ಳುವ ಮೊದಲು

ಟಾನ್ಸಿಲ್ ಆಪರೇಷನ್ ಆಗಿ ಐದಾರು ದಿನ ಕಳೆದಿರುತ್ತದೆ. ಮೊದಲೆರಡು ದಿನ ಐಸ್‌ಕ್ರೀಮ್ ತಿಂದುಕೊಂಡು ಹೇಗೋ ಇದ್ದ ಮಗು ಈಗ ನೀರು ಕುಡಿ ಅಂದರೂ ಮುಖ ತಿರುಗಿಸುತ್ತದೆ. ಬಾಯಿ ವಾಸನೆ ಬರುತ್ತಿದೆ. ಕಿವಿ ನೋವು ಅನ್ನುತ್ತದೆ. ಟಾರ್ಚ್ ಹಾಕಿ ನೋಡಿದರೆ ಗಂಟಲಲ್ಲಿ ಬೆಳ್ಳಗೆ ಏನೋ ಕೂತಿದೆ. ರಾತ್ರಿ ಒಮ್ಮೆ ವಾಂತಿಯೂ ಆಯಿತು. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಹೊಟ್ಟೆಗೆ ಏನೂ ಸೇರ್ತಿಲ್ಲ ಅಲ್ವಾ, ಮೇಲಿಂದ ಖಾಲಿ ಹೊಟ್ಟೆಗೆ ಔಷಧಿ. ಗ್ಯಾಸ್ಟ್ರಿಕ್ ಆಗಿರಬೇಕು.” ಹತ್ತಿರದ ಮೆಡಿಕಲ್‌ನಿಂದ ಒಂದು ಸಿರಪ್ ಬರುತ್ತದೆ. ಅದನ್ನು ನುಂಗಿಸುವುದೇ ಇನ್ನೊಂದು ಜಗಳ.

ಈ ಮಾತು ಪೂರ್ತಿ ಸುಳ್ಳಲ್ಲ. ಹೊಟ್ಟೆಯ ಆಮ್ಲಕ್ಕೂ ಟಾನ್ಸಿಲ್ ಆಪರೇಷನ್‌ನ ತೊಂದರೆಗಳಿಗೂ ನಂಟು ಇದೆ. ಆದರೆ ಆ ನಂಟು ನಾವು ಹುಡುಕುವ ಜಾಗದಲ್ಲಿಲ್ಲ. ಅದು ಮುಖ್ಯ ಆಗುವುದು ಅರಿವಳಿಕೆ ಕೊಡುವ ಹೊತ್ತಿನಲ್ಲಿ, ಮತ್ತು ರಕ್ತಸ್ರಾವ ಆಗಿ ಮಗುವನ್ನು ಮತ್ತೆ ಆಪರೇಷನ್ ಥಿಯೇಟರ್‌ಗೆ ಕರೆದೊಯ್ಯಬೇಕಾದಾಗ. ಮನೆಗೆ ಬಂದಮೇಲೆ ಕಾಣುವ ಹೆಚ್ಚಿನ ತೊಂದರೆಗಳಿಗೆ ಕಾರಣ ಬೇರೆ. ಅವನ್ನೆಲ್ಲ ಅಸಿಡಿಟಿ ಲೆಕ್ಕಕ್ಕೆ ಹಾಕಿದರೆ ನಿಜವಾದ ಅಪಾಯದ ಸೂಚನೆ ಕಣ್ಣೆದುರೇ ಇದ್ದರೂ ಕಾಣದೆ ಹೋಗುತ್ತದೆ.

ಮೊದಲು ಗಾಯದ ವಿಷಯ. ಟಾನ್ಸಿಲ್ ತೆಗೆದ ಜಾಗವನ್ನು ಸಾಮಾನ್ಯವಾಗಿ ಹೊಲಿದು ಮುಚ್ಚುವುದಿಲ್ಲ. ಗಂಟಲಿನ ಎರಡೂ ಬದಿಯಲ್ಲಿ ಗಾಯ ತೆರೆದೇ ಇರುತ್ತದೆ, ತಾನಾಗಿ ಮಾಯಬೇಕು. ಒಂದೆರಡು ದಿನದಲ್ಲಿ ಅದರ ಮೇಲೆ ಬಿಳಿ ಅಥವಾ ತಿಳಿ ಹಳದಿ ಪದರ ಕೂರುತ್ತದೆ. ತುಂಬಾ ಅಪ್ಪ ಅಮ್ಮಂದಿರು ಇದನ್ನು ಕೀವು ಅಂದುಕೊಂಡು ಗಾಬರಿ ಆಗುತ್ತಾರೆ. ಅದು ಕೀವಲ್ಲ. ಮಂಡಿ ತರಚಿದರೆ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ಬಾಯಿ ಯಾವಾಗಲೂ ಒದ್ದೆ ಇರುವುದರಿಂದ ಹಕ್ಕಳೆ ಇಲ್ಲಿ ಬೆಳ್ಳಗೆ ಕಾಣುತ್ತದೆ. ಬಾಯಿ ವಾಸನೆಯೂ ಅದರದ್ದೇ.

ಈ ಪದರ ಸುಮಾರು ಐದನೇ ದಿನದಿಂದ ಹತ್ತನೇ ದಿನದೊಳಗೆ ಕಳಚಿ ಬೀಳುತ್ತದೆ. ಕಡಿಮೆ ಆಗುತ್ತಿದ್ದ ನೋವು ಆಗ ಕೆಲವು ಮಕ್ಕಳಲ್ಲಿ ಮತ್ತೆ ಏರುತ್ತದೆ. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ ಆದ್ದರಿಂದ ಕಿವಿಯಲ್ಲಿ ಏನೂ ಇಲ್ಲದಿದ್ದರೂ ಕಿವಿ ನೋಯುತ್ತದೆ. ಎರಡು ವಾರದ ಹೊತ್ತಿಗೆ ಹೆಚ್ಚಿನ ಮಕ್ಕಳು ಮಾಮೂಲಿಗೆ ಬರುತ್ತಾರೆ. ಅಂದರೆ ಆರನೇ ದಿನ ಮಗು ಜಾಸ್ತಿ ಅತ್ತರೆ ಅದಕ್ಕೆ ಹೊಸ ಕಾಯಿಲೆಯೇ ಬರಬೇಕಂತಿಲ್ಲ. ಅದು ಗಾಯ ಮಾಯುವ ಕ್ರಮ. ಡಿಸ್ಚಾರ್ಜ್ ಮಾಡುವಾಗ ಈ ಒಂದು ವಿಷಯವನ್ನು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ಆ ವಾರದ ಆತಂಕ ಅರ್ಧ ಕಡಿಮೆ ಆಗುತ್ತದೆ.

ಹಾಗಾದರೆ ಆಮ್ಲ ಈ ಗಾಯಕ್ಕೆ ಏನೂ ಮಾಡುವುದಿಲ್ಲವೇ? ಮಾಡಬಹುದು. ನಿಂಬೆ ಶರಬತ್ತು, ಟೊಮೆಟೊ ಸಾರು, ಹುಳಿ ಮಜ್ಜಿಗೆ ತಾಗಿದರೆ ಮಗು ಚೀರುತ್ತದೆ. ಮೇಲಿಂದ ಬಂದ ಹುಳಿಗೆ ಉರಿಯುವ ಗಾಯ ಕೆಳಗಿಂದ ವಾಂತಿಯಾಗಿ ಬಂದ ಹುಳಿಗೂ ಉರಿಯುತ್ತದೆ. ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟ್ ಔಷಧಿಯನ್ನು ಟಾನ್ಸಿಲ್ ಗಾಯದ ಮೇಲೆ ಪ್ರಯೋಗಿಸಿ ನೋಡಿದ್ದಾರೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ನೋವು ಸ್ವಲ್ಪ ಕಡಿಮೆ ಆದದ್ದು ಕಂಡಿದೆ. ಆದರೆ ಅಲ್ಲಿ ಔಷಧಿ ಕೆಲಸ ಮಾಡುವುದು ಗಾಯವನ್ನು ಮುಚ್ಚಿ. ಹೊಟ್ಟೆಯ ಆಮ್ಲ ಕಡಿಮೆ ಮಾಡಿದ್ದಕ್ಕೆ ನೋವು ಇಳಿಯಿತು ಅಂತ ಅದರಿಂದ ಹೇಳಲು ಬರುವುದಿಲ್ಲ.

ಇನ್ನು ವಾಂತಿ. ಟಾನ್ಸಿಲ್ ಆಪರೇಷನ್ ಆದ ಮಕ್ಕಳಲ್ಲಿ ವಾಂತಿ ತುಂಬಾ ಸಾಮಾನ್ಯ. ಅರಿವಳಿಕೆ ಔಷಧಿಗಳು ಒಂದು ಕಾರಣ. ಆಪರೇಷನ್ ವೇಳೆ ನುಂಗಿದ ರಕ್ತ ಇನ್ನೊಂದು. ರಕ್ತ ಹೊಟ್ಟೆಗೆ ಒಗ್ಗುವುದಿಲ್ಲ, ಅದು ಹೊರಗೆ ತಳ್ಳುತ್ತದೆ. ಇದಕ್ಕಾಗಿಯೇ ಆಪರೇಷನ್ ನಡೆಯುವಾಗ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅನ್ನು ಒಂದೇ ಒಂದು ಡೋಸ್ ಕೊಡಬೇಕೆಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯ ಮಾರ್ಗಸೂಚಿ ಹೇಳುತ್ತದೆ. ವಾಂತಿಯೂ ನೋವೂ ಎರಡೂ ಇದರಿಂದ ತಗ್ಗುತ್ತವೆ. ಸ್ಟೀರಾಯ್ಡ್ ಅಂದಕೂಡಲೇ ಹೊಟ್ಟೆ ಹುಣ್ಣಿನ ಭಯ ಪಡುವವರಿದ್ದಾರೆ. ಆ ಒಂದು ಡೋಸ್‌ಗೆ ಅಷ್ಟು ಹೆದರಬೇಕಿಲ್ಲ.

ವಾಂತಿಯ ಬಣ್ಣ ಮಾತ್ರ ನೋಡಲೇಬೇಕು. ಆಪರೇಷನ್ ಆದ ದಿನ ಕಾಫಿ ಬಣ್ಣದ ವಾಂತಿ ಒಂದು ಸಲ ಆದರೆ ಅದು ಹಳೆಯ ರಕ್ತ ಇರಬಹುದು. ಆಗಲೂ ನರ್ಸ್‌ಗೆ ತೋರಿಸಿ. ಆರನೇ ದಿನವೋ ಎಂಟನೇ ದಿನವೋ ಅದೇ ಬಣ್ಣ ಕಂಡರೆ ಅರ್ಥ ಪೂರ್ತಿ ಬೇರೆ. ಹಳೆಯ ರಕ್ತ ಅಷ್ಟು ದಿನ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಗಂಟಲಿನಿಂದ ಹೊಸದಾಗಿ ರಕ್ತ ಒಸರುತ್ತಿದೆ, ಮಗು ಅದನ್ನು ನುಂಗುತ್ತಿದೆ ಎಂದೇ ತಿಳಿಯಬೇಕು. ಇದನ್ನು ಹಿಡಿಯಲು ಇನ್ನೊಂದು ಸುಳಿವೂ ಇದೆ. ಮಲಗಿರುವ ಮಗು ನಿದ್ದೆಯಲ್ಲೇ ಮತ್ತೆ ಮತ್ತೆ ಗುಟುಕು ನುಂಗುತ್ತಿರುತ್ತದೆ. ದಿಂಬಿನ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ತುಟಿ ಒಣಗಿರುತ್ತದೆ, ಆದರೆ ಗಂಟಲು ಮಾತ್ರ ಅಲ್ಲಾಡುತ್ತಲೇ ಇರುತ್ತದೆ. ಇದನ್ನು ಹುಳಿತೇಗು ಅಂದುಕೊಂಡು ಬೆನ್ನು ಸವರಿ ಮಲಗಿಸಿಬಿಡುವುದು ಸುಲಭ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ತಪ್ಪು ತಿಳಿವಳಿಕೆ ಇದೇ.

ರಕ್ತಸ್ರಾವ ಎಷ್ಟು ಅಪರೂಪ, ಎಷ್ಟು ಸಾಮಾನ್ಯ? ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 2003–04ರಲ್ಲಿ ದೊಡ್ಡ ಲೆಕ್ಕ ತೆಗೆದರು. ಮಕ್ಕಳು, ದೊಡ್ಡವರು ಸೇರಿ ಸುಮಾರು 34 ಸಾವಿರ ಟಾನ್ಸಿಲ್ ಆಪರೇಷನ್‌ಗಳ ದಾಖಲೆ ಅದರಲ್ಲಿತ್ತು. ನೂರಕ್ಕೆ 3.5 ಜನರಿಗೆ ರಕ್ತಸ್ರಾವ ಆಗಿತ್ತು. ಮತ್ತೆ ಥಿಯೇಟರ್‌ಗೆ ಹೋಗಬೇಕಾಗಿ ಬಂದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಕಡಿಮೆ. ಮಕ್ಕಳಲ್ಲಿ ದೊಡ್ಡವರಿಗಿಂತ ಕಡಿಮೆ ಎಂಬುದೂ ಅಲ್ಲೇ ಕಂಡಿತು. 2015ರಲ್ಲಿ ಮಕ್ಕಳ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇನ್ನೊಂದು ಚಿತ್ರ ಸಿಕ್ಕಿತು. ತಡವಾಗಿ ಆಗುವ ರಕ್ತಸ್ರಾವ ನೂರಕ್ಕೆ 2.6. ಉಸಿರಾಟದ ತೊಂದರೆ ನೂರಕ್ಕೆ 9.4. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದ ಮಕ್ಕಳಲ್ಲಿ ಈ ಉಸಿರಾಟದ ತೊಂದರೆ ಉಳಿದ ಮಕ್ಕಳಿಗಿಂತ ಸುಮಾರು ಐದು ಪಟ್ಟು.

ನಾವು ಮನೆಯಲ್ಲಿ ಹೆದರುವುದು ರಕ್ತಕ್ಕೆ. ಆಸ್ಪತ್ರೆಯಲ್ಲಿ ಮೊದಲ ರಾತ್ರಿ ವೈದ್ಯರು ಕಾಯುವುದು ಉಸಿರನ್ನು. ಮೂರು ವರ್ಷಕ್ಕಿಂತ ಚಿಕ್ಕ ಮಗು, ಅಥವಾ ನಿದ್ದೆಯಲ್ಲಿ ತೀವ್ರವಾಗಿ ಉಸಿರು ಕಟ್ಟುವ ಮಗು ಆಗಿದ್ದರೆ ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಅದೇ ಅಮೆರಿಕನ್ ಮಾರ್ಗಸೂಚಿಯ 2019ರ ಆವೃತ್ತಿ ಹೇಳುತ್ತದೆ. “ಸಂಜೆಗೇ ಮನೆಗೆ ಕಳಿಸ್ತೀರಾ?” ಅಂತ ಅಂಥ ಮಗುವಿನ ಅಪ್ಪ ಅಮ್ಮ ಒತ್ತಾಯ ಮಾಡಬಾರದು.

ಈಗ ರಿಫ್ಲಕ್ಸ್‌ಗೆ, ಅಂದರೆ ಹೊಟ್ಟೆಯ ಹುಳಿ ಮೇಲಕ್ಕೆ ಬರುವ ತೊಂದರೆಗೆ ಬರೋಣ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಬಿಗಿಯಾದ ಒಂದು ಸ್ನಾಯು ಇದೆ. ನುಂಗಿದಾಗ ತೆರೆಯುತ್ತದೆ, ಆಮೇಲೆ ಮುಚ್ಚುತ್ತದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲ ಆದರೆ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬರುತ್ತದೆ. ಎಳೆ ಮಕ್ಕಳು ಹಾಲು ಕಕ್ಕುವುದು ಇದರಿಂದಲೇ. 1997ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ನಾಲ್ಕು ತಿಂಗಳ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳು ದಿನಕ್ಕೊಮ್ಮೆಯಾದರೂ ಕಕ್ಕುತ್ತಿದ್ದರು. ಹತ್ತು-ಹನ್ನೆರಡು ತಿಂಗಳಿಗೆ ಆ ಸಂಖ್ಯೆ 5ಕ್ಕೆ ಇಳಿದಿತ್ತು. ಹಾಗಾಗಿ ಟಾನ್ಸಿಲ್ ತೆಗೆಸುವ ವಯಸ್ಸಿಗೆ ಬರುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಅದು ತಾನಾಗಿ ಹೋಗಿರುತ್ತದೆ. ಉಳಿದುಕೊಂಡು ಕಾಡಿದರೆ ಆಗ ಕಾಯಿಲೆ. ಊಟ ಆದಮೇಲೆ ಎದೆಯುರಿ, ಬಾಯಿಗೆ ಹುಳಿ ನೀರು, ನುಂಗುವಾಗ ನೋವು, ತೂಕ ಏರದೆ ಇರುವುದು ಇವೆಲ್ಲ ಅದರ ಗುರುತು.

ಯಾವ ಮಕ್ಕಳಲ್ಲಿ ಅದು ಉಳಿದುಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹತೋಟಿಗೆ ಬಾರದ ಸ್ಥಿತಿ) ಇರುವ ಮಕ್ಕಳು. ಡೌನ್ ಸಿಂಡ್ರೋಮ್ ಇರುವವರು. ತೂಕ ತುಂಬಾ ಜಾಸ್ತಿ ಇರುವವರು. ಹುಟ್ಟುವಾಗಲೇ ಅನ್ನನಾಳದ ದೋಷ ಇದ್ದು ಆಪರೇಷನ್ ಆದವರು. ತಿಂಗಳು ತುಂಬುವ ಮೊದಲೇ ಹುಟ್ಟಿದವರು. ಈಗ ಟಾನ್ಸಿಲ್ ಆಪರೇಷನ್ ಆದಮೇಲೆ ಉಸಿರಾಟದ ತೊಂದರೆ ಯಾರಿಗೆ ಜಾಸ್ತಿ ಎಂದು ಇನ್ನೊಂದು ಪಟ್ಟಿ ಮಾಡಿ. ಹೆಚ್ಚು ಕಡಿಮೆ ಇದೇ ಹೆಸರುಗಳು ಬರುತ್ತವೆ. ಆಸ್ಪತ್ರೆಯ ದಾಖಲೆಗಳಲ್ಲಿ ‘ರಿಫ್ಲಕ್ಸ್ ಇದೆ’ ಎಂದು ಬರೆದ ಮಗು ಹೆಚ್ಚು ದಿನ ಆಸ್ಪತ್ರೆಯಲ್ಲಿ ಇದ್ದದ್ದು ಕಂಡರೆ, ಅದಕ್ಕೆ ಆಮ್ಲವೇ ಕಾರಣ ಅಂತ ನೇರವಾಗಿ ಹೇಳಲಾಗುವುದಿಲ್ಲ. ಸ್ನಾಯುಗಳ ಬಲ ಕಡಿಮೆ ಇರುವ ಮಗುವಿಗೆ ರಿಫ್ಲಕ್ಸೂ ಇರುತ್ತದೆ, ಗಂಟಲಿನ ದಾರಿ ಕುಸಿದು ಉಸಿರೂ ಕಟ್ಟುತ್ತದೆ. ಎರಡಕ್ಕೂ ಬೇರು ಒಂದೇ. ಅಂಥ ಮಗುವಿಗೆ ಬರೀ ಅಸಿಡಿಟಿ ಔಷಧಿ ಕೊಟ್ಟರೆ ಆಪರೇಷನ್ ಸುರಕ್ಷಿತ ಆಗುವುದಿಲ್ಲ. ಮಕ್ಕಳ ಐಸಿಯು ಇರುವ ಆಸ್ಪತ್ರೆ, ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದ ವೈದ್ಯರು, ಒಂದು ರಾತ್ರಿಯ ನಿಗಾ ಇವು ಬೇಕು.

ಅರಿವಳಿಕೆ ವೈದ್ಯರಿಗೆ ಹೇಳಬೇಕಾದ್ದು

ಆಮ್ಲ ನಿಜವಾಗಿ ಅಪಾಯಕಾರಿ ಆಗುವ ಜಾಗ ಇದು. ಎಚ್ಚರ ಇದ್ದಾಗ ಹೊಟ್ಟೆಯಿಂದ ಏನಾದರೂ ಮೇಲೆ ಬಂದರೆ ನಾವು ಕೆಮ್ಮುತ್ತೇವೆ, ನುಂಗುತ್ತೇವೆ. ಅರಿವಳಿಕೆಯಲ್ಲಿ ಆ ಕಾವಲು ಮಲಗಿರುತ್ತದೆ. ಹುಳಿ ನೀರೋ ಅರೆಬರೆ ಜೀರ್ಣವಾದ ಹಾಲೋ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ತನಕ ಹೋಗಬಹುದು. ಧ್ವನಿಪೆಟ್ಟಿಗೆಗೆ ಸ್ವಲ್ಪ ತಾಗಿದರೂ ಅದು ಗಪ್ಪನೆ ಮುಚ್ಚಿಕೊಂಡು ಉಸಿರು ನಿಲ್ಲಬಹುದು. ರಕ್ತ ತಾಗಿದರೂ, ಕಫ ತಾಗಿದರೂ ಹೀಗಾಗುತ್ತದೆ. ನೆಗಡಿ ಆಗಿ ಎರಡು ವಾರ ಕಳೆಯದ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು. ಅದಕ್ಕೇ ಜ್ವರ, ನೆಗಡಿ ಇದ್ದರೆ ಆಪರೇಷನ್ ಮುಂದೆ ಹಾಕುತ್ತಾರೆ.

ಖಾಲಿ ಹೊಟ್ಟೆಯ ನಿಯಮ ಇರುವುದು ಇದೇ ಕಾರಣಕ್ಕೆ. ತಿಂಡಿ ಮತ್ತು ಹಸುವಿನ ಹಾಲಿಗೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ತಿಳಿ ನೀರಿಗೆ ಎರಡು ಗಂಟೆ ಎಂಬುದು ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಲೆಕ್ಕ. ತುಪ್ಪ, ಎಣ್ಣೆ ಜಾಸ್ತಿ ಇರುವ ಊಟಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ನಮ್ಮ ಮನೆಗಳಲ್ಲಿ ಏನಾಗುತ್ತದೆ ಗೊತ್ತಲ್ಲ. ಮಗು ಬೆಳಿಗ್ಗೆಯಿಂದ ಹಸಿವು ಅಂತ ಅಳುತ್ತದೆ. ಅಜ್ಜಿಗೆ ನೋಡಲಾಗುವುದಿಲ್ಲ. ವಾರ್ಡಿನ ಮೂಲೆಯಲ್ಲಿ ಒಂದು ಬಿಸ್ಕೆಟ್ ಕೈಗಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಅಜ್ಜಿಯದ್ದು ಪ್ರೀತಿ, ತಪ್ಪಲ್ಲ. ಆದರೆ ಆ ಬಿಸ್ಕೆಟ್ ವಿಷಯ ಮುಚ್ಚಿಟ್ಟರೆ ಪ್ರಾಣಕ್ಕೆ ಸಂಚಕಾರ. ಕೊಟ್ಟಿದ್ದರೆ ಹೇಳಿಬಿಡಿ. ಆಪರೇಷನ್ ಕೆಲವು ಗಂಟೆ ತಡ ಆಗುತ್ತದೆ ಅಷ್ಟೆ.

ಇದರ ಇನ್ನೊಂದು ಮುಖವೂ ಇದೆ. ‘ರಾತ್ರಿ ಹತ್ತರಿಂದ ಏನೂ ಕೊಡಬೇಡಿ’ ಎಂದು ಹೇಳಿ ಮಧ್ಯಾಹ್ನ ಒಂದಕ್ಕೆ ಥಿಯೇಟರ್‌ಗೆ ಕರೆಯುವ ಪದ್ಧತಿ ಹಲವು ಕಡೆ ಈಗಲೂ ಇದೆ. ಹದಿನೈದು ಗಂಟೆ ನೀರಿಲ್ಲದೆ ಇದ್ದ ಮೂರು ವರ್ಷದ ಮಗು ಆಪರೇಷನ್‌ಗೆ ಮೊದಲೇ ಬಳಲಿರುತ್ತದೆ. ತಿಳಿ ನೀರನ್ನು ಎರಡು ಗಂಟೆ ಮೊದಲಿನ ತನಕ ಕೊಡಬಹುದಾ ಎಂದು ಕೇಳಿ. ಇದು ಉಡಾಫೆಯ ಪ್ರಶ್ನೆ ಅಲ್ಲ, ಕೇಳಲೇಬೇಕಾದ ಪ್ರಶ್ನೆ.

ರಿಫ್ಲಕ್ಸ್ ಇರುವ ಮಗು ಆದರೆ ಇನ್ನೂ ಕೆಲವು ಮಾತು ಸೇರಿಸಿ. ಯಾವ ಔಷಧಿ, ಎಷ್ಟು ದಿನದಿಂದ, ಆಪರೇಷನ್ ದಿನ ಬೆಳಿಗ್ಗೆ ಕೊಡಬೇಕೋ ಬೇಡವೋ. ರಾತ್ರಿ ಮಲಗಿದಾಗ ಬಾಯಿಗೆ ಹುಳಿ ಬರುತ್ತದೆಯೇ. ನ್ಯುಮೋನಿಯಾ ಪದೇ ಪದೇ ಆಗಿದೆಯೇ. ನುಂಗುವಾಗ ಕೆಮ್ಮು ಬರುತ್ತದೆಯೇ. ಮೂಗಿನಿಂದ ಹಾಲು ಬರುತ್ತಿತ್ತೇ. ಕೊನೆಯ ಪ್ರಶ್ನೆಗೆ ಬೇರೆಯೇ ಮಹತ್ವ ಇದೆ. ಅಂಗುಳಿನ ಒಳಗೆ ಕಣ್ಣಿಗೆ ಕಾಣದ ಸೀಳು ಇರುವ ಕೆಲವು ಮಕ್ಕಳಿಗೆ ಅಡಿನಾಯ್ಡ್ (ಮೂಗಿನ ಹಿಂದೆ ಇರುವ, ಹಲವು ಸಲ ಟಾನ್ಸಿಲ್ ಜೊತೆಗೇ ತೆಗೆಯುವ ಗಂಟು) ತೆಗೆದಮೇಲೆ ಅಂಗುಳು ಮೂಗಿನ ದಾರಿಯನ್ನು ಪೂರ್ತಿ ಮುಚ್ಚಲಾರದು. ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ಮೂಗಿನಲ್ಲಿ ಆಡಿದಂತೆ ಕೇಳುತ್ತದೆ. ಸೀಳು ಇಲ್ಲದ ಮಕ್ಕಳಿಗೂ ಮೊದಲ ಕೆಲವು ದಿನ ಹೀಗೆ ಆಗಿ ತಾನಾಗಿ ಸರಿ ಹೋಗುತ್ತದೆ. ಇದನ್ನೂ ರಿಫ್ಲಕ್ಸ್ ಅಂದುಕೊಂಡು ಔಷಧಿ ಕೊಟ್ಟದ್ದುಂಟು. ಇದಕ್ಕೂ ಹೊಟ್ಟೆಗೂ ಸಂಬಂಧವೇ ಇಲ್ಲ. ವಾರಗಳು ಕಳೆದರೂ ಹೋಗದಿದ್ದರೆ ಇಎನ್‌ಟಿ ವೈದ್ಯರೂ ಮಾತಿನ ಚಿಕಿತ್ಸಕರೂ ನೋಡಬೇಕು.

ಔಷಧಿ ಕೊಟ್ಟರೆ ಆಗುವುದೇನು

‘ಗ್ಯಾಸ್ಟ್ರಿಕ್ ಔಷಧಿ ತಾನೇ, ಕೊಟ್ಟರೆ ನಷ್ಟ ಏನು’ ಎಂಬ ಮಾತು ನಮ್ಮಲ್ಲಿ ಎಲ್ಲ ಕಡೆ ಕೇಳುತ್ತದೆ. ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಿಫ್ಲಕ್ಸ್ ಲಕ್ಷಣ ಇದ್ದ 162 ಎಳೆ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಮ್ಲ ತಗ್ಗಿಸುವ ಲಾನ್ಸೊಪ್ರಜೋಲ್, ಇನ್ನೊಂದಕ್ಕೆ ಔಷಧಿಯೇ ಇಲ್ಲದ ದ್ರವ. ಸುಧಾರಿಸಿದ ಮಕ್ಕಳು ಔಷಧಿ ಗುಂಪಿನಲ್ಲಿ ನೂರಕ್ಕೆ 54. ಔಷಧಿ ಇಲ್ಲದ ಗುಂಪಿನಲ್ಲೂ ನೂರಕ್ಕೆ 54! ಗಂಭೀರ ಅಡ್ಡಪರಿಣಾಮ ಮಾತ್ರ ಔಷಧಿ ಗುಂಪಿನಲ್ಲಿ ಜಾಸ್ತಿ. ಅದರಲ್ಲೂ ಶ್ವಾಸಕೋಶದ ಸೋಂಕು. 2012ರಲ್ಲಿ ಅಸ್ತಮಾ ಹಿಡಿತಕ್ಕೆ ಬಾರದ 306 ಮಕ್ಕಳ ಮೇಲೆ ಅದೇ ಔಷಧಿ ಪ್ರಯೋಗ ನಡೆಯಿತು. ಅಸ್ತಮಾಕ್ಕೆ ಉಪಯೋಗ ಆಗಲಿಲ್ಲ, ನೆಗಡಿ ಮತ್ತು ಗಂಟಲು ಸೋಂಕು ಹೆಚ್ಚಾಯಿತು.

ಕಾರಣ ಊಹಿಸುವುದು ಕಷ್ಟ ಅಲ್ಲ. ಹೊಟ್ಟೆಯ ಆಮ್ಲ ಸುಮ್ನೆ ಇಲ್ಲ. ಬಾಯಿಂದ ಒಳಗೆ ಹೋಗುವ ರೋಗಾಣುಗಳನ್ನು ಕೊಲ್ಲುವುದು ಅದರ ಕೆಲಸ. ಉತ್ತರ ಅಮೆರಿಕ ಮತ್ತು ಯುರೋಪಿನ ಮಕ್ಕಳ ಹೊಟ್ಟೆ-ಕರುಳು ತಜ್ಞರ ಸಂಘಗಳು 2018ರಲ್ಲಿ ಜೊತೆಯಾಗಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ. ಎದೆಯುರಿಯಂಥ ಲಕ್ಷಣ ಇರುವ ಮಗುವಿಗೆ ನಾಲ್ಕರಿಂದ ಎಂಟು ವಾರ ಔಷಧಿ ಕೊಟ್ಟು ನೋಡಬಹುದು. ಆದರೆ ಬರೀ ಕೆಮ್ಮು, ಉಬ್ಬಸ ಇದೆ ಎಂಬ ಕಾರಣಕ್ಕೆ ಬೇಡ.

ಗಂಟಲೊಳಗೆ ಕ್ಯಾಮೆರಾ ಹಾಕಿ ‘ಹಿಂದೆ ಕೆಂಪಗಿದೆ, ಆಮ್ಲ ಮೇಲೆ ಬರ್ತಿದೆ’ ಅನ್ನುವುದೂ ಅಷ್ಟು ಗಟ್ಟಿ ಸಾಕ್ಷಿ ಅಲ್ಲ. ಅಲರ್ಜಿ, ನೆಗಡಿ, ಬಾಯಿಯಲ್ಲಿ ಉಸಿರಾಡುವುದು ಯಾವುದರಿಂದಲೂ ಗಂಟಲು ಕೆಂಪಾಗುತ್ತದೆ. ಇಲ್ಲಿ ಟಾನ್ಸಿಲ್‌ನ ಹಳೆಯ ಚರಿತ್ರೆ ಒಂದು ನೆನಪಾಗುತ್ತದೆ. 1934ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನ್ಯೂಯಾರ್ಕ್‌ನ ಸಾವಿರ ಶಾಲಾ ಮಕ್ಕಳನ್ನು ನೋಡಿದರು. 611 ಮಕ್ಕಳಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರಿಗೆ ತೋರಿಸಿದಾಗ 174 ಮಕ್ಕಳಿಗೆ ಆಪರೇಷನ್ ಬೇಕು ಅಂದರು. ಬೇಡ ಅಂದ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರು. ಅವರು 99 ಮಕ್ಕಳಿಗೆ ಬೇಕು ಅಂದರು. ಮಿಕ್ಕ 116 ಮಕ್ಕಳನ್ನು ಮೂರನೇ ಸಲ ತೋರಿಸಿದರೆ 51 ಮಕ್ಕಳಿಗೆ ಬೇಕು ಅಂದರು. ಕೊನೆಗೆ ಸಾವಿರದಲ್ಲಿ ಉಳಿದದ್ದು 65. ಆ ವೈದ್ಯರೆಲ್ಲ ಮೋಸಗಾರರಲ್ಲ. ಅಳೆಯಲು ಸರಿಯಾದ ಮಾನದಂಡ ಇಲ್ಲದಾಗ ಕಣ್ಣು ತಾನು ಹುಡುಕಿದ್ದನ್ನೇ ಕಾಣುತ್ತದೆ.

ಟಾನ್ಸಿಲ್ ವಿಷಯದಲ್ಲಿ ಆಮೇಲೆ ಮಾನದಂಡ ಬಂತು. ಪಿಟ್ಸ್‌ಬರ್ಗ್‌ನ ಜಾಕ್ ಪ್ಯಾರಡೈಸ್ ಮತ್ತು ಜೊತೆಗಾರರು 1984ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಲೆಕ್ಕವನ್ನೇ ಇವತ್ತಿಗೂ ಬಳಸುತ್ತಾರೆ: ಒಂದೇ ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ಸತತವಾಗಿ ಐದೈದು ಸಲ, ಅಥವಾ ಮೂರು ವರ್ಷ ಮೂರು ಮೂರು ಸಲ ಗಂಟಲು ಸೋಂಕು ಆಗಿರಬೇಕು. ಅದೂ ಜ್ವರ, ಕುತ್ತಿಗೆಯ ಗಂಟು ಇತ್ಯಾದಿ ದಾಖಲೆ ಸಮೇತ. ಮಕ್ಕಳ ರಿಫ್ಲಕ್ಸ್ ವಿಷಯದಲ್ಲಿ ನಾವು ಇನ್ನೂ ಆ ಶಿಸ್ತಿಗೆ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮನೆಯ ಡಬ್ಬಿಯಲ್ಲಿರುವ ಹಳೆಯ ಔಷಧಿಗಳ ಬಗ್ಗೆಯೂ ಹೇಳಬೇಕು. ಆಮ್ಲ ತಗ್ಗಿಸುವ ರಾನಿಟಿಡಿನ್ ಈಗಲೂ ಬಹಳ ಮನೆಗಳಲ್ಲಿದೆ. ಕ್ಯಾನ್ಸರ್‌ಕಾರಕ ಕಲ್ಮಶ ಸೇರುವ ಭಯದಿಂದ ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ಭಾರತ 2022ರಲ್ಲಿ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ನೋವಿಗೆ ನಿಮೆಸುಲೈಡ್ ಕೊಡಬಾರದು. 12 ವರ್ಷದ ಒಳಗಿನವರಿಗೆ ಅದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಕೊಡೀನ್ ಇರುವ ಸಿರಪ್ ಅಂತೂ ಮುಟ್ಟಲೇಬೇಡಿ. ಕೆಲವು ಮಕ್ಕಳ ಮೈ ಕೊಡೀನನ್ನು ಬೇಗ ಬೇಗ, ಉಸಿರಾಟ ಕುಗ್ಗಿಸುವ ಮಾರ್ಫಿನ್ ಆಗಿ ಬದಲಿಸಿಬಿಡುತ್ತದೆ. ಟಾನ್ಸಿಲ್ ಆಪರೇಷನ್ ಆಗಿ ಮನೆಗೆ ಹೋದ ಮಕ್ಕಳು ಹೀಗೆ ಉಸಿರು ನಿಂತು ತೀರಿಕೊಂಡ ಮೇಲೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2013ರಲ್ಲಿ ಅತ್ಯಂತ ಕಠಿಣ ಎಚ್ಚರಿಕೆ ಕೊಟ್ಟಿತು.

ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್, ಮಗುವಿನ ತೂಕ ನೋಡಿ. ಹೊಟ್ಟೆಯ ಪ್ರಶ್ನೆ ಇಲ್ಲಿ ನಿಜವಾಗಿ ಬರುತ್ತದೆ. ಐಬುಪ್ರೊಫೆನ್ ಖಾಲಿ ಹೊಟ್ಟೆಯಲ್ಲಿ ಕೆರಳಿಸಬಹುದು. ಎರಡು ಚಮಚ ಗಂಜಿಯೋ ಅರ್ಧ ಲೋಟ ಹಾಲೋ ಹೋದಮೇಲೆ ಕೊಡಿ. ಹೊಟ್ಟೆ ಹುಣ್ಣು ಇದ್ದ ಮಗು, ಕಿಡ್ನಿ ತೊಂದರೆ ಇರುವ ಮಗು ಆದರೆ ವೈದ್ಯರಿಗೆ ಮೊದಲೇ ಹೇಳಿ. ನೀರು ಕುಡಿಯದೆ ಬತ್ತಿಹೋದ ಮಗುವಿಗೂ ಅದು ಒಳ್ಳೆಯದಲ್ಲ. ಐಬುಪ್ರೊಫೆನ್‌ನಿಂದ ರಕ್ತಸ್ರಾವ ಹೆಚ್ಚುತ್ತದೆಯೇ ಎಂಬ ಚರ್ಚೆ ಮುಗಿದಿಲ್ಲ. 2019ರಲ್ಲಿ 741 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಆಪರೇಷನ್ ಬೇಕಾಗುವಷ್ಟು ರಕ್ತಸ್ರಾವ ಪ್ಯಾರಾಸಿಟಮಾಲ್ ಗುಂಪಿನಲ್ಲಿ ನೂರಕ್ಕೆ 1.2, ಐಬುಪ್ರೊಫೆನ್ ಗುಂಪಿನಲ್ಲಿ 2.9 ಇತ್ತು. ಹಾಗಿದ್ದೂ ಅದೇ ವರ್ಷದ ಮಾರ್ಗಸೂಚಿ ಐಬುಪ್ರೊಫೆನ್ ಕೊಡಬಹುದು ಎಂದೇ ಹೇಳಿತು. ನಿಮ್ಮ ವೈದ್ಯರು ಬರೀ ಪ್ಯಾರಾಸಿಟಮಾಲ್ ಬರೆದಿದ್ದರೆ ಅದರ ಹಿಂದೆ ಈ ಯೋಚನೆ ಇರಬಹುದು. ನೋವಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ತುಂಬಾ ಮುಖ್ಯ. ನೋವು ತಗ್ಗಿದರೆ ಮಗು ಕುಡಿಯುತ್ತದೆ. ಕುಡಿದರೆ ಅರ್ಧ ತೊಂದರೆ ಹತ್ತಿರ ಬರುವುದಿಲ್ಲ.

ಕುಡಿಯಲು ಏನಾದರೂ ಸರಿ, ಹುಳಿ ಮತ್ತು ಖಾರ ಬಿಟ್ಟು. ಎಳನೀರು, ತೆಳ್ಳನೆ ರಾಗಿ ಅಂಬಲಿ, ಆರಿದ ಗಂಜಿ, ಹುಳಿಯಾಗದ ಮೊಸರು ಕಲಸಿದ ಮೆತ್ತನೆ ಅನ್ನ, ಹಾಲಲ್ಲಿ ನೆನೆದ ಇಡ್ಲಿ. ತಣ್ಣಗಿನದು ಕೊಟ್ಟರೆ ಶೀತ ಆಗುತ್ತೆ ಅಂತ ಹಿರಿಯರು ತಡೆಯುತ್ತಾರೆ. ಇಲ್ಲಿ ತಣ್ಣಗಿನದೇ ಹಿತ. ಎಂಟು ಗಂಟೆ ಕಳೆದರೂ ಮೂತ್ರ ಮಾಡಿಲ್ಲ, ಅತ್ತರೆ ಕಣ್ಣೀರು ಬರುತ್ತಿಲ್ಲ, ಮಂಕಾಗಿ ಮಲಗಿದೆ ಎಂದಾದರೆ ಡ್ರಿಪ್ ಬೇಕಾಗಬಹುದು. ಆಸ್ಪತ್ರೆಗೆ ಹೋಗಿ.

ಗೊರಕೆಗೂ ಆಮ್ಲಕ್ಕೂ ಇರುವ ನಂಟು ಇನ್ನೊಂದು ದಿಕ್ಕಿನದು. ದೊಡ್ಡ ಟಾನ್ಸಿಲ್ ದಾರಿ ಅಡ್ಡಗಟ್ಟಿದಾಗ ಮಗು ನಿದ್ದೆಯಲ್ಲಿ ಉಸಿರನ್ನು ಜಗ್ಗಿ ಎಳೆಯುತ್ತದೆ. ಎದೆಯೊಳಗೆ ಒತ್ತಡ ಇಳಿಯುತ್ತದೆ. ಆ ಎಳೆತಕ್ಕೆ ಹೊಟ್ಟೆಯಲ್ಲಿದ್ದದ್ದೂ ಮೇಲೆ ಬರಬಹುದು. ಹೀಗಾಗಿ ಕೆಲವು ಮಕ್ಕಳಲ್ಲಿ ಉಸಿರಿನ ದಾರಿ ಬಿಡಿಸಿದರೆ ರಾತ್ರಿಯ ಹುಳಿಯೂ ಕಡಿಮೆ ಆಗಬಹುದು. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ, ಐದರಿಂದ ಒಂಬತ್ತು ವರ್ಷದ 464 ಮಕ್ಕಳಿದ್ದರು. ಏಳು ತಿಂಗಳ ನಂತರ ನಿದ್ದೆಯ ಪರೀಕ್ಷೆ ಸರಿ ಬಂದದ್ದು ಆಪರೇಷನ್ ಆದವರಲ್ಲಿ ನೂರಕ್ಕೆ 79, ಕಾದು ನೋಡಿದವರಲ್ಲಿ 46. ಆಪರೇಷನ್ ಉಪಯೋಗದ್ದೇ. ಸುಮ್ಮನೆ ಕಾದ ಮಕ್ಕಳಲ್ಲೂ ಅರ್ಧದಷ್ಟು ಜನ ತಾವಾಗಿ ಸರಿಹೋದರು ಎಂಬುದನ್ನೂ ಮರೆಯಬಾರದು.

ಕೊನೆಗೆ ರಕ್ತದ ಮಾತು, ಏಕೆಂದರೆ ಹೊಟ್ಟೆ ಮತ್ತು ಗಂಟಲು ನಿಜವಾಗಿ ಒಂದಕ್ಕೊಂದು ಅಪಾಯ ತರುವುದು ಅಲ್ಲೇ. ರಕ್ತ ಬರುತ್ತಿರುವ ಮಗು ಅದನ್ನು ನುಂಗಿರುತ್ತದೆ. ಎಷ್ಟು ನುಂಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಊಟ ಮಾಡಿ ಎಷ್ಟು ಹೊತ್ತಾಗಿದ್ದರೂ ಅರಿವಳಿಕೆ ವೈದ್ಯರ ಲೆಕ್ಕದಲ್ಲಿ ಅದು ಹೊಟ್ಟೆ ತುಂಬಿದ ಮಗು. ಮಲಗಿಸಿದ ಕ್ಷಣ ರಕ್ತವೆಲ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಆಗ ಬಹಳ ವೇಗವಾಗಿ, ವಿಶೇಷ ಕ್ರಮದಲ್ಲಿ ಕೊಳವೆ ಹಾಕುತ್ತಾರೆ. ಈ ಹೊತ್ತಿನಲ್ಲಿ ನಾವು ಮಾಡಬಹುದಾದ ದೊಡ್ಡ ತಪ್ಪು ಎಂದರೆ ದಾರಿಯಲ್ಲಿ ಹಾಲು ಅಥವಾ ಅಸಿಡಿಟಿ ಸಿರಪ್ ಕುಡಿಸುವುದು. ಏನೂ ಕೊಡಬೇಡಿ. ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ರಕ್ತವನ್ನು ಪಾತ್ರೆಗೆ ಉಗುಳಿಸಿ. ಅಂಗಾತ ಮಲಗಿಸಬೇಡಿ. ನಿಂತಿತಲ್ಲ ಅಂತ ಸುಮ್ಮನಾಗಬೇಡಿ. ಸಣ್ಣದಾಗಿ ಬಂದು ನಿಂತದ್ದು ಕೆಲವು ಗಂಟೆಗಳಲ್ಲಿ ಜೋರಾಗಿ ಬರಬಹುದು. ಕರ್ನಾಟಕದಲ್ಲಿದ್ದರೆ 108ಕ್ಕೆ ಫೋನ್ ಮಾಡಿ.

ಮಲೆನಾಡಿನ ಒಂಟಿಮನೆಯಿಂದಲೋ ದೂರದ ಹಳ್ಳಿಯಿಂದಲೋ ಬಂದು ಆಪರೇಷನ್ ಮಾಡಿಸಿದವರಿಗೆ ಇದು ದೊಡ್ಡ ಪ್ರಶ್ನೆ. ರಾತ್ರಿ ಎರಡಕ್ಕೆ ಘಾಟಿ ಇಳಿದು ಬರಬೇಕಾದ ಕಡೆ ಇದ್ದರೆ, ಐದನೇ ದಿನದಿಂದ ಹತ್ತನೇ ದಿನದ ತನಕ ಊರಿಗೆ ಹೋಗದೆ ಪಟ್ಟಣದ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಮದುವೆ, ಜಾತ್ರೆ, ದೂರ ಪ್ರಯಾಣ ಎರಡು ವಾರ ಬೇಡ. ಡಿಸ್ಚಾರ್ಜ್ ಚೀಟಿಯಲ್ಲಿ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಳ್ಳಿ. ಇಎನ್‌ಟಿ ಸರ್ಜನ್ ರಾತ್ರಿಯೂ ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಅಂತಲೂ ಕೇಳಿಟ್ಟುಕೊಳ್ಳಿ. ಮಗು ಮೊದಲಿನಿಂದ ರಿಫ್ಲಕ್ಸ್ ಔಷಧಿಯಲ್ಲಿದ್ದರೆ ಒಂದು ತಿಂಗಳ ನಂತರದ ಭೇಟಿಯಲ್ಲಿ ಗೊರಕೆ ಹೋಯಿತೇ, ರಾತ್ರಿ ಹುಳಿ ಬರುವುದು ಕಡಿಮೆ ಆಯಿತೇ ಎಂದು ಹೇಳಿ, ಆ ಔಷಧಿಯನ್ನು ಯಾವಾಗ ನಿಲ್ಲಿಸಬಹುದು ಎಂದು ಕೇಳಿ.